ನೀರು ಇಳಿದ ಮೇಲೆ ಬರ್ರಿ

ಕೊಪ್ಪಳಕ್ಕೂ ಕಡಲಿಗೂ ನಡುವೆ ಇಡೀ ಸಹ್ಯಾದ್ರಿ ಅಡ್ಡ ಮಲಗಿದೆ. ಆದರೂ ನಮ್ಮ ಜಿಲ್ಲೆಯಲ್ಲಿ ಉಬ್ಬರ–ಇಳಿತ ಇದೆ ಎಂದು ನಾನು ಶಾಲೆಯ ಮಕ್ಕಳಿಗೆ ಹೇಳುತ್ತೇನೆ. ಕರಾವಳಿಯ ಅಘನಾಶಿನಿ ಅಳಿವೆಯಲ್ಲಿ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅಮೆರಿಕದ ಹಡ್ಸನ್, ಡೆಲಾವೇರ್ ನದಿಗಳಲ್ಲಿ ಕಡಲಿನ ಉಪ್ಪು ಮುಟ್ಟದ, ಆದರೆ ಉಬ್ಬರದ ಒತ್ತು ಮುಟ್ಟುವ ಜೌಗು ಪ್ರದೇಶಗಳಿವೆ. ಅವು ಸಿಹಿನೀರಿನವು; ಉಪ್ಪಿನ ಕಾಟ ಇಲ್ಲದ್ದರಿಂದ ಅಲ್ಲಿ ಬೆಳೆಯುವ ಸಸ್ಯಜಾತಿಗಳು ಉಪ್ಪುನೀರಿನ ಜೌಗಿಗಿಂತ ಎಷ್ಟೋ ಹೆಚ್ಚು. ನಮ್ಮ ತುಂಗಭದ್ರಾ ಹಿನ್ನೀರೂ ಸಿಹಿನೀರೇ; ಇಲ್ಲಿ ಅಂಥದೇ ಏರಿಳಿತ ವರ್ಷಕ್ಕೆ ಒಮ್ಮೆ ನಡೆಯುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಜುಲೈಯಲ್ಲಿ ನೀರು ಏರತೊಡಗುತ್ತದೆ, 1633 ಅಡಿಗೆ ಜಲಾಶಯ ತುಂಬುತ್ತದೆ, ಆಗ ಸುಮಾರು 378 ಚದರ ಕಿಲೋಮೀಟರು ನೀರೇ ನೀರು. ಆಮೇಲೆ ಕಾಲುವೆಗಳು ಕುಡಿದಂತೆಲ್ಲ ಇಳಿಯುತ್ತ ಇಳಿಯುತ್ತ ಮೇ ಹೊತ್ತಿಗೆ ಹಳೆಯ ನದಿಯ ಪಾತ್ರವೇ ಕಾಣುತ್ತದೆ.

ಗಂಗಾವತಿ ಸೀಮೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿ, ರಜೆ ಸಿಕ್ಕಾಗಲೆಲ್ಲ ದುರ್ಬೀನು ಹಿಡಿದು ಈ ಅಂಚುಗಳಲ್ಲಿ ಓಡಾಡಿ ಇಪ್ಪತ್ತು ವರ್ಷ ದಾಟಿತು. ಕಲಿತದ್ದರಲ್ಲಿ ಹೆಚ್ಚಿನದನ್ನು ತಪ್ಪು ಮಾಡಿಯೇ ಕಲಿತೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲಿ ಎಂದು ಬರೆದಿಡುತ್ತಿದ್ದೇನೆ.

1. ತುಂಬಿದ ನೀರನ್ನು ನೋಡಲು ಎಲ್ಲರೂ ಬರುತ್ತಾರೆ. ಜೀವಿಗಳು ಬರುವುದು ಇಳಿದ ನೀರಿಗೆ

ಮೊದಲ ಎರಡು ವರ್ಷ ನಾನು ಎಲ್ಲರಂತೆ ಆಗಸ್ಟಿನಲ್ಲಿ ಅಣೆಕಟ್ಟು ಇರುವ ಮುನಿರಾಬಾದಿಗೆ ಹೋಗುತ್ತಿದ್ದೆ. ಗೇಟು ತೆರೆದಿರುತ್ತಿತ್ತು, ಜನಜಾತ್ರೆ ಇರುತ್ತಿತ್ತು. ಹಿನ್ನೀರಿನ ಕಡೆ ದುರ್ಬೀನು ತಿರುಗಿಸಿದರೆ ನಾಲ್ಕು ನೀರುಕಾಗೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಇಲ್ಲಿ ಹಕ್ಕಿಗಳೇ ಇಲ್ಲ ಎಂದು ಡೈರಿಯಲ್ಲಿ ಬರೆದೆ. ದಂಡೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಅಂಬಿಗರ ಅಜ್ಜ ಒಬ್ಬರು ನನ್ನನ್ನೇ ನೋಡುತ್ತಿದ್ದವರು, “ತುಂಬಿದಾಗ ಏನ್ ನೋಡಾಕ ಬರ್ತೀರಿ ಸರ? ನೀರ ಇಳದ ಮ್ಯಾಲ ಬರ್ರಿ” ಅಂದರು.

ಆ ವರ್ಷ ಫೆಬ್ರುವರಿಯಲ್ಲಿ ಹೋದೆ. ನೀರು ಬಹಳ ದೂರ ಸರಿದಿತ್ತು. ಅದು ಬಿಟ್ಟುಹೋದ ಹಸಿರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳು ದನದ ಮಂದೆಯ ಹಾಗೆ ತಲೆ ತಗ್ಗಿಸಿ ಮೇಯುತ್ತಿದ್ದವು. ಟಿಬೆಟ್, ಲಡಾಖ್, ಮಂಗೋಲಿಯಾದ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿಗಳು ಅವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅವು ಅಷ್ಟು ದೂರದಿಂದ ನಮ್ಮ ತುಂಬಿದ ಜಲಾಶಯಕ್ಕಾಗಿ ಬರುವುದಿಲ್ಲ, ಇಳಿದ ನೀರಿನ ಅಂಚಿಗಾಗಿ ಬರುತ್ತವೆ. ಆಳದ ನೀರಿನಲ್ಲಿ ತಳಕ್ಕೆ ಬೆಳಕು ಇಳಿಯುವುದಿಲ್ಲ, ಕೊಕ್ಕು ಮುಟ್ಟುವುದಿಲ್ಲ. ಗೇಣುದ್ದ ನೀರಿನಲ್ಲಿ ಬೆಳಕು, ಪಾಚಿ, ಶಂಖದಹುಳು, ಏಡಿಮರಿ, ಮೀನುಮರಿ ಎಲ್ಲ ಒಟ್ಟಿಗೆ ಸಿಗುತ್ತವೆ.

2. ಅಂಚು ಒಂದು ಗೆರೆಯಲ್ಲ, ಪಟ್ಟಿಗಳ ಸಾಲು. ಅದನ್ನು ನಡೆದೇ ಓದಬೇಕು

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಹಿನ್ನೀರಿನ ಮೇಲಿನ ದಂಡೆಯಿಂದ ನೀರಿನವರೆಗೆ ನೇರ ನಡೆಯಿರಿ. ಮೊದಲು ಬಳ್ಳಾರಿ ಜಾಲಿಯ ಮುಳ್ಳುಕಂಟಿ. ಅದು ತುಂಬಿದ ನೀರಿನ ಗಡಿ. ಅದರ ಕೆಳಗೆ, ನೀರು ಮೊದಲು ಬಿಟ್ಟ ಎರೆನೆಲದಲ್ಲಿ ರೈತರು ಹಿಂಗಾರಿಗೆ ಬಿತ್ತಿ ಕಿತ್ತ ಕಡಲೆಯ, ಜೋಳದ ಕೂಳೆ. ಕೂಳೆಯ ಹೊಲದಲ್ಲಿ ಟಿಟ್ಟಿಭ ಮೊಟ್ಟೆ ಇಡಲು ಜಾಗ ನೋಡುತ್ತಿರುತ್ತದೆ. ಅಲ್ಲಿಂದ ಕೆಳಗೆ ಗರಿಕೆ, ಹೆಬ್ಬಾತಿನ ಹಸಿರು ಹಿಕ್ಕೆ ಬಿದ್ದಿರುವುದು ಇಲ್ಲಿಯೇ. ಗರಿಕೆ ಮುಗಿದಲ್ಲಿ ಜೇಕು, ಹೊನಗೊನೆ, ಗರಗದ ಸೊಪ್ಪು. ಆಮೇಲೆ ಬಿರುಕು ಬಿಟ್ಟ ಕೆಸರು, ಆಮೇಲೆ ಕಾಲು ಹುಗಿಯುವ ಹಸಿ ಕೆಸರು, ಕೊನೆಗೆ ನೀರು.

ಹಸಿ ಕೆಸರಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದರೆ ಹಿಂದಿನ ರಾತ್ರಿಯ ಲೆಕ್ಕವೆಲ್ಲ ಬರೆದಿರುತ್ತದೆ. ಉಲ್ಲಂಕಿಯ ಮೂರು ಬೆರಳಿನ ಸಣ್ಣ ಗುರುತು, ಅದರ ಪಕ್ಕದಲ್ಲೇ ಕೊಕ್ಕು ಚುಚ್ಚಿದ ತೂತುಗಳ ಸಾಲು. ಏಡಿ ಎಳೆದ ಗೆರೆ. ನರಿ ಬಂದು ತಿರುಗಿ ಹೋದ ಹೆಜ್ಜೆ. ನೀರೊಳಗೂ ಪಟ್ಟಿಗಳು ಮುಂದುವರಿಯುತ್ತವೆ: ಹಿಮ್ಮಡಿ ಮುಳುಗುವಷ್ಟರಲ್ಲಿ ಮೆಟ್ಟುಗಾಲು ಹಕ್ಕಿ, ಮೊಣಕಾಲಿನಷ್ಟರಲ್ಲಿ ಚಮಚದ ಕೊಕ್ಕು ಮತ್ತು ಬಣ್ಣದ ಕೊಕ್ಕರೆ, ಅದರಾಚೆ ಬಾತುಗಳು. ಯಾರ ಕಾಲು ಎಷ್ಟು ಉದ್ದವೋ ಅಷ್ಟೇ ಅವರ ಹೊಲ. ನೀರು ದಿನಕ್ಕೆ ಬೆರಳಗಲ ಇಳಿದರೂ ಈ ಪಟ್ಟಿಗಳೆಲ್ಲ ಒಟ್ಟಿಗೆ ಕೆಳಗೆ ಸರಿಯುತ್ತವೆ. ದಿನವೂ ಹೊಸ ನೆಲ ತೆರೆಯುತ್ತದೆ, ದಿನವೂ ಹೊಸ ಊಟ. ನೀರು ಒಂದೇ ಮಟ್ಟದಲ್ಲಿ ನಿಂತ ಕೆರೆಯಲ್ಲಿ ಈ ಸಮೃದ್ಧಿ ಕಾಣುವುದಿಲ್ಲ.

3. ಕೆಸರು ಎಂದರೆ ಬೀಜದ ಕಣಜ

ಚಾರ್ಲ್ಸ್ ಡಾರ್ವಿನ್ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು ಮನೆಯಲ್ಲಿ ಆರು ತಿಂಗಳು ಮುಚ್ಚಿಟ್ಟು, ಮೊಳೆತ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸಿದ. 537 ಬಂದವು. ಆ ಕೆಸರೆಲ್ಲ ಒಂದು ಬಟ್ಟಲಿನಲ್ಲಿ ಹಿಡಿಯುವಷ್ಟಿತ್ತು.

ಇದನ್ನು ಓದಿದ ಮೇಲೆ ನಮ್ಮ ಶಾಲೆಯಲ್ಲೂ ಮಾಡಿದೆವು. ಕೆರೆಯಂಚಿನ ಒಣ ಕೆಸರಿನ ಹೆಂಟೆಗಳನ್ನು ಹಳೆಯ ಊಟದ ತಟ್ಟೆಗಳಲ್ಲಿ ಹರಡಿ, ಒಂದಿಷ್ಟು ತಟ್ಟೆಗಳಿಗೆ ತೇವವಾಗುವಷ್ಟು, ಉಳಿದವಕ್ಕೆ ಮುಳುಗುವಷ್ಟು ನೀರು ಹಾಕಿದೆವು. ಎರಡೇ ವಾರದಲ್ಲಿ ತೇವದ ತಟ್ಟೆಗಳು ಹಸಿರಾದವು. ಮುಳುಗಿದ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಬಿಟ್ಟರೆ ಏನೂ ಏಳಲಿಲ್ಲ. “ಬೀಜ ನೀರಾಗ ಮಲಗಿರ್ತಾವ, ನೀರ ಹೋದ್ರ ಏಳ್ತಾವ” ಎಂದು ಏಳನೇ ತರಗತಿಯ ಹುಡುಗಿ ಒಬ್ಬಳು ತಾನಾಗಿಯೇ ಹೇಳಿದಳು. ಪಾಠ ಅಲ್ಲಿಗೆ ಪೂರ್ತಿಯಾಯಿತು. ವರ್ಷಕ್ಕೊಮ್ಮೆ ಬತ್ತುವ ಕೆರೆ ಸತ್ತ ಕೆರೆಯಲ್ಲ. ಬತ್ತುವುದೂ ಅದರ ಬದುಕಿನ ಒಂದು ಭಾಗ.

4. ಹೂಳೆತ್ತುವುದು ಪುಣ್ಯದ ಕೆಲಸ; ಆದರೆ ಕೆರೆ ತಟ್ಟೆಯಾಗಿರಲಿ, ಪೆಟ್ಟಿಗೆಯಾಗದಿರಲಿ

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ಭಾಗ್ಯ ಇಲ್ಲ. ಅಲ್ಲಿ ಜೀವ ನಿಂತಿರುವುದು ಕೆರೆಗಳ ಮೇಲೆ. ಈ ಹತ್ತು ವರ್ಷಗಳಲ್ಲಿ ಆ ಕಡೆ ದೊಡ್ಡ ಕೆಲಸಗಳಾಗಿವೆ. 2017ರಲ್ಲಿ ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳು ತೆಗೆಸಿತು. 2019ರಲ್ಲಿ ಕೊಪ್ಪಳದ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ನಿಂತು ಜನರನ್ನು ಕೂಡಿಸಿ ಹಿರೇಹಳ್ಳ ಸ್ವಚ್ಛ ಮಾಡಿಸಿದರು. ಕುಷ್ಟಗಿಯ ನಿಡಶೇಸಿ ಕೆರೆಗೂ ಜನ ಕೈಗೂಡಿಸಿದರು. ಬರಗಾಲ ಉಂಡವರಿಗೆ ಈ ಕೆಲಸದ ಬೆಲೆ ಗೊತ್ತು. ಅಲ್ಲಿ ನಿಂತು ಹಕ್ಕಿಯ ಮಾತು ಆಡಲು ನನಗೂ ಸಂಕೋಚವಾಗುತ್ತಿತ್ತು.

ಆದರೆ ಒಂದು ಕೆರೆಯಲ್ಲಿ ಕಣ್ಣಾರೆ ಕಂಡದ್ದು ಹೇಳಲೇಬೇಕು. ಹೆಚ್ಚು ನೀರು ಹಿಡಿಯಲಿ ಎಂಬ ಆಸೆಯಿಂದ ಜೆಸಿಬಿ, ಹಿಟಾಚಿ ಹಚ್ಚಿ ನಾಲ್ಕೂ ಕಡೆ ನೇರ ಗೋಡೆ ಕೊರೆದ ಹಾಗೆ ತೋಡಿದರು. ಮಳೆ ಬಂದು ನೀರು ನಿಂತಾಗ ಊರಿಗೇ ಸಂತೋಷ. ಆ ಚಳಿಗಾಲ ನಾನು ಹೋದರೆ ಉಲ್ಲಂಕಿ ಇಲ್ಲ, ಮೆಟ್ಟುಗಾಲು ಇಲ್ಲ, ದೇವನಕ್ಕಿ ಇಲ್ಲ. ನೀರು ಇಳಿದರೂ ಗೋಡೆ ಮಾತ್ರ ಕಾಣುತ್ತಿತ್ತು, ಅಂಚು ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ನೀರು ಕುಡಿಯಲು ಇಳಿದ ಎಮ್ಮೆಕರು ಒಂದು ಹತ್ತಲಾರದೆ ಒಳಗೇ ಸತ್ತಿತು.

ಆ ಕರುವಿನಿಂದ ನನಗೆ ಮಾತನಾಡುವ ದಾರಿ ತಿಳಿಯಿತು. ಆಮೇಲೆ ಬೇರೊಂದು ಊರಿನಲ್ಲಿ ಹೂಳೆತ್ತುವ ಮುಂಚೆ ಹಿರಿಯರು ಕಟ್ಟೆಯ ಮೇಲೆ ಸೇರಿದಾಗ ನಾನು ಹಕ್ಕಿಯ ಹೆಸರೇ ಎತ್ತಲಿಲ್ಲ. “ಕಾಕಾ, ದನ ಇಳದು ನೀರ ಕುಡದು ತಾವಾಗೇ ಮ್ಯಾಲ ಬರೂವಂಗ ಒಂದ್ ಕಡೆ ಇಳಿಜಾರ ಬಿಡ್ರಿ. ಹುಡುಗ್ರೂ ಕಾಲ ಜಾರಿ ಬೀಳಂಗಿಲ್ಲ” ಅಂದೆ. ತಟ್ಟನೆ ಒಪ್ಪಿದರು. ಏರಿಯ ಕಡೆ ಆಳ ತೆಗೆದು, ಹಳ್ಳದ ನೀರು ಬಂದು ಸೇರುವ ಕಡೆ ಮೊದಲಿದ್ದ ಇಳಿಜಾರನ್ನು ಹಾಗೇ ಉಳಿಸಿದರು. ದನಕ್ಕೆ ಬೇಕಾದ ಇಳಿಜಾರೂ ಉಲ್ಲಂಕಿಗೆ ಬೇಕಾದ ಇಳಿಜಾರೂ ಒಂದೇ. ಆ ಕೆರೆಗೆ ಈಗಲೂ ಪ್ರತಿ ಚಳಿಗಾಲ ಹಕ್ಕಿ ಬರುತ್ತದೆ.

ಇನ್ನೊಂದು ಮಾತು: ತೆಗೆದ ಮೇಲ್ಪದರದ ಕೆಸರೆಲ್ಲ ಹೊಲಕ್ಕೆ ಹೋಗಲಿ, ಬೇಡ ಅನ್ನುವುದಿಲ್ಲ. ಇಳಿಜಾರಿನ ಕಡೆ ಒಂದಿಷ್ಟು ಹಳೆಯ ಕೆಸರು ಉಳಿದರೆ ಮೂರನೇ ಪಾಠದ ಕಣಜ ಬರಿದಾಗುವುದಿಲ್ಲ.

5. ಎಲ್ಲ ಅಂಚಿಗೂ ಗಿಡ ಬೇಡ

ಪರಿಸರ ದಿನ ಬಂತೆಂದರೆ ಕೆರೆ ದಂಡೆಗೆ ಗಿಡ. ನಾನೂ ಮಕ್ಕಳನ್ನು ಕರೆದುಕೊಂಡು ನೀರು ಸರಿದ ಬಯಲಿನಲ್ಲಿ ಹೊಂಗೆ, ಬೇವು ನೆಡಿಸಿದ್ದೆ. ಮಳೆಗಾಲ ಬಂದು ನೀರು ಏರಿದಾಗ ಎಲ್ಲ ಮುಳುಗಿ ಕೊಳೆತವು. ಅದಕ್ಕಿಂತ ಬೇಸರದ ಸಂಗತಿ ಎಂದರೆ ಗುಂಡಿ ತೋಡಿದ ಜಾಗದಲ್ಲೇ ಟಿಟ್ಟಿಭದ ಗೂಡುಗಳಿದ್ದವು. ಉರುಳುಗಲ್ಲಿನ ಬಣ್ಣದ ಮೊಟ್ಟೆ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಬೋಳಾಗಿ ಕಾಣುವ ಬಯಲು ಬೇರೆ ಯಾರದೋ ಮನೆ. ಮರ ಎಲ್ಲಿ ಬೇಕು ಎಂಬುದಕ್ಕೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನೋಡಿ. ಅಲ್ಲಿ ಕೆರೆಯೊಳಗಿನ ಕರಿಜಾಲಿ ಮರಗಳು ನೀರಲ್ಲಿ ನಿಂತೇ ಬದುಕುತ್ತವೆ, ಅವುಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2024ರ ಜನವರಿಯಲ್ಲಿ ಅದು, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಒಟ್ಟಿಗೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು.

6. ನೀರುನಾಯಿಯನ್ನು ಹುಡುಕಬೇಡಿ, ಅದರ ಹಿಕ್ಕೆ ಹುಡುಕಿ

ಅಣೆಕಟ್ಟಿನ ಕೆಳಗೆ ನದಿ ಬೇರೆಯದೇ ರೂಪ ತಾಳುತ್ತದೆ. ಹುಲಿಗಿ ದಾಟಿ ಸಾಣಾಪುರ, ಆನೆಗೊಂದಿಯ ಕಡೆ ಬಂಡೆಗಳ ನಡುವೆ ಸೀಳಿ, ಮಡುವಾಗಿ, ವಿಜಯನಗರ ಕಾಲದ ಕಟ್ಟೆಗಳ ಹಿಂದೆ ನಿಂತು ಹರಿಯುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರು ನದಿಯನ್ನು 2015ರಲ್ಲಿ ಸರ್ಕಾರ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ದೇಶದ ಮೊದಲ ಪ್ರದೇಶ ಅದು. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಇದು ಗೊತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ವರ್ಷಗಟ್ಟಲೆ ಹೋದರೂ ನನಗೆ ನೀರುನಾಯಿ ಕಾಣಲಿಲ್ಲ. ತೆಪ್ಪ ನಡೆಸುವ ಹುಡುಗನೊಬ್ಬ ಚಪ್ಪಟೆ ಬಂಡೆಯೊಂದರ ಮೇಲೆ ನನ್ನನ್ನು ಹತ್ತಿಸಿ, “ವಾಸನಿ ನೋಡ್ರಿ” ಅಂದ. ಮೀನಿನ ನಾತ. ಬಂಡೆಯ ಮೇಲೆ ಒಣಗಿದ ಹಿಕ್ಕೆ, ಕೈಯಲ್ಲಿ ಪುಡಿ ಮಾಡಿದರೆ ಬರೀ ಹುರುಪೆ, ಮುಳ್ಳು, ಏಡಿಯ ಕೆಂಪು ಚಿಪ್ಪಿನ ಚೂರು. ಒಂದೇ ಬಂಡೆಯನ್ನು ಇಡೀ ಕುಟುಂಬ ಮತ್ತೆ ಮತ್ತೆ ಬಳಸುತ್ತದೆ. ಮರುದಿನ ನಸುಕಿನಲ್ಲಿ ದೂರದ ಬಂಡೆಯ ಹಿಂದೆ ಅಲುಗಾಡದೆ ಕೂತೆವು. ಬೆಳಕು ಹರಿಯುವಾಗ ನೀರಿನ ಮೇಲೆ ಐದು ತಲೆ. ದೊಡ್ಡದು ಬಂಡೆ ಹತ್ತಿ ಎರಡೂ ಕೈಯಲ್ಲಿ ಮೀನು ಹಿಡಿದು ತಲೆಯಿಂದಲೇ ಕಡಿಯತೊಡಗಿತು. ಎಲುಬು ಮುರಿಯುವ ಕಟಕಟ ಸದ್ದು ನೀರಿನ ಮೇಲೆ ತೇಲಿ ನಮ್ಮ ಕಿವಿಗೂ ಬಂತು. ಮರಿಗಳು ಸಿಳ್ಳು ಹಾಕುತ್ತ ಕಸಿಯಲು ಬಂದವು.

ಮೀನುಗಾರರಿಗೆ ಇದರ ಮೇಲೆ ಸಿಟ್ಟಿದೆ, ಅದು ಸುಳ್ಳಲ್ಲ. ಬಲೆ ಹರಿಯುತ್ತದೆ, ಸಿಕ್ಕ ಮೀನು ಕದಿಯುತ್ತದೆ. ಅವರ ಮುಂದೆ ಕಾನೂನು ಓದಿದರೆ ಮಾತು ಮುರಿಯುತ್ತದೆ. ಮೊದಲು ಕೂತು ಬಲೆಯ ಕಥೆ ಕೇಳಬೇಕು. ಕೇಳಿದ ಮೇಲೆ ಅವರೇ ಹೇಳುತ್ತಾರೆ: ಮೀನು ಕಡಿಮೆಯಾದದ್ದು ನೀರುನಾಯಿಯಿಂದಲ್ಲ, ಸಿಡಿಮದ್ದು ಹಾಕುವವರಿಂದ, ಸೊಳ್ಳೆಪರದೆಯಂಥ ಬಲೆಯಿಂದ ಮೀನುಮರಿ ಬಾಚುವವರಿಂದ. ಸಿಡಿಮದ್ದು ಒಂದು ಮಡುವಿನ ಮರಿ, ಮೊಟ್ಟೆ, ಆಮೆ ಎಲ್ಲವನ್ನೂ ಒಂದೇ ಏಟಿಗೆ ಮುಗಿಸುತ್ತದೆ. ಇಲ್ಲಿ ಅಂಬಿಗರೂ ನೀರುನಾಯಿಯೂ ಒಂದೇ ಪಕ್ಷ. ದಂಡೆಯ ಆಪುಹುಲ್ಲಿಗೆ ಬೆಂಕಿ ಹಚ್ಚದಂತೆ, ಮರಳು ಬಗೆಯದಂತೆ ಕಾಯುವುದೂ ಇಬ್ಬರಿಗೂ ಬೇಕಾದ ಕೆಲಸ. ಮರಿ ಹಾಕಲು ನೀರುನಾಯಿಗೆ ಬಂಡೆಯ ಸಂದು ಬೇಕು, ಮರೆಗೆ ಆಪು ಬೇಕು.

7. ಮೊಟ್ಟೆಗೆ ಈಜಲು ಬರುವುದಿಲ್ಲ

ಬೇಸಿಗೆಯಲ್ಲಿ ನದಿಯ ನಡುವಿನ ಮರಳುದಿನ್ನೆ, ಬಂಡೆಯ ಹೊಂಡಗಳಲ್ಲಿ ನದಿ ರೀವ ಮೊಟ್ಟೆ ಇಡುತ್ತದೆ. ಹಳದಿ ಕೊಕ್ಕು, ಕರಿ ಟೊಪ್ಪಿಗೆ, ಸೀಳುಬಾಲ. ಜಗತ್ತಿನಲ್ಲೇ ಸಂಖ್ಯೆ ಇಳಿಯುತ್ತಿರುವ ಹಕ್ಕಿ. ನೀರು ತಗ್ಗಿದ್ದರೆ ದಿನ್ನೆಗೆ ನಾಯಿ ನಡೆದು ಹೋಗುತ್ತದೆ. ಒಮ್ಮೆಲೇ ಏರಿದರೆ ಗೂಡು ಮುಳುಗುತ್ತದೆ. ಏಪ್ರಿಲಿನಲ್ಲಿ ಒಂದು ದಿನ ಎಂಟು ಗೂಡು ಗುರುತು ಮಾಡಿ ಬಂದೆ. ನಾಲ್ಕು ದಿನ ಬಿಟ್ಟು ಹೋದರೆ ದಿನ್ನೆಯೇ ಇರಲಿಲ್ಲ, ಕೆಳಗಿನ ಊರುಗಳಿಗೆ ಕುಡಿಯಲು ನೀರು ಬಿಟ್ಟಿದ್ದರು. ರೀವಗಳು ನೀರಿನ ಮೇಲೆ ಕೂಗುತ್ತ ಸುತ್ತುತ್ತಿದ್ದವು.

ಕುಡಿಯುವ ನೀರನ್ನು ಯಾರೂ ತಡೆಯಬಾರದು. ಕೇಳಿಕೊಳ್ಳುವುದು ಇಷ್ಟೇ: ಮಾರ್ಚಿಯಿಂದ ಮೇವರೆಗೆ ನೀರು ಬಿಡುವಾಗ ಒಮ್ಮೆಲೇ ಏರಿಸದೆ ಮೆಲ್ಲಗೆ ಏರಿಸಿದರೆ, ಆಗುವುದಾದರೆ ಗೂಡಿನ ಕಾಲಕ್ಕೆ ಮೊದಲೇ ಬಿಟ್ಟರೆ, ಮನುಷ್ಯರಿಗೆ ಏನೂ ನಷ್ಟವಿಲ್ಲ. ನದಿಗೆ ಇಳಿದ ದನಗಾಹಿಗಳಿಗೂ ಅಗಸರಿಗೂ ಅದೇ ಕ್ಷೇಮ.

8. ಗಂಗಾವತಿಯ ಗದ್ದೆಯೂ ಜೌಗೇ

ಭತ್ತದ ಕಣಜ ಎಂದು ನಾವು ಹೆಮ್ಮೆ ಪಡುವ ಗಂಗಾವತಿ, ಕಾರಟಗಿ ಬಯಲು ವರ್ಷದಲ್ಲಿ ಹಲವು ತಿಂಗಳು ಗೇಣುದ್ದ ನೀರು ನಿಲ್ಲುವ ಜೌಗು. ಟ್ರ್ಯಾಕ್ಟರು ಕಬ್ಬಿಣದ ಗಾಲಿ ಹಾಕಿ ಕೆಸರು ಮಾಡುವಾಗ ಹಿಂದೆಯೇ ಬೆಳ್ಳಕ್ಕಿ, ಬಿಳಿ ಕೆಂಬರಲು ಸಾಲಾಗಿ ನಡೆಯುತ್ತವೆ. ಬಸಿಗಾಲುವೆಯ ಆಪಿನಲ್ಲಿ ನೇರಳೆ ಜಂಬುಕೋಳಿ. ಇದನ್ನು ಕೆಡಿಸುತ್ತಿರುವವು ಎರಡು: ಅಗತ್ಯ ಮೀರಿ ಹೊಡೆಯುವ ಕೀಟನಾಶಕದ ಎಣ್ಣೆ, ಅಗತ್ಯ ಮೀರಿ ಕಟ್ಟುವ ನೀರು. ನೀರು ಹೆಚ್ಚಾಗಿ ನೆಲ ಸವಳು–ಜವಳಾಗುವುದನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಗದ್ದೆಯಲ್ಲಿ ಏಡಿ ತೂತು, ಕಪ್ಪೆಯ ಕೂಗು ಇದ್ದರೆ ಗದ್ದೆ ಇನ್ನೂ ಬದುಕಿದೆ. ರಾತ್ರಿ ಒಮ್ಮೆ ಬದುವಿನ ಮೇಲೆ ನಿಂತು ಕಿವಿಗೊಟ್ಟರೆ ಯಾವ ಗದ್ದೆಯಲ್ಲಿ ಎಷ್ಟು ಎಣ್ಣೆ ಬಿದ್ದಿದೆ ಎಂದು ತಿಳಿಯುತ್ತದೆ.

9. ಹೆಸರು ಕೇಳಿ, ಹೇಳಬೇಡಿ

ಊರಿಗೆ ಹೋದೊಡನೆ ಪುಸ್ತಕದ ಹೆಸರು ಹೇಳಿ ಪಾಠ ಮಾಡಬೇಡಿ. “ಇದಕ್ಕ ನೀವೇನಂತೀರಿ ಯವ್ವಾ?” ಎಂದು ಕೇಳಿ. ಹೊನಗೊನೆಯ ಪಲ್ಯ ಮಾಡುವ ತಾಯಂದಿರಿಗೆ ಅದು ಯಾವ ಕೆರೆಯ ಯಾವ ಮಗ್ಗುಲಲ್ಲಿ ಯಾವ ತಿಂಗಳು ಏಳುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿದೆ.

10. ಎಣಿಸಿದ ಹಕ್ಕಿಯ ಪಕ್ಕ ನೀರಿನ ಮಟ್ಟ ಬರೆಯಿರಿ

ನನ್ನ ಮೊದಲ ಐದು ವರ್ಷಗಳ ಡೈರಿ ಅರ್ಧ ವ್ಯರ್ಥ. ಹಕ್ಕಿ ಎಷ್ಟು ಎಂದು ಬರೆದೆ, ಅಂದು ನೀರು ಎಲ್ಲಿತ್ತು ಎಂದು ಬರೆಯಲಿಲ್ಲ. ಒಂದು ವರ್ಷ ಬಾತು ಕಡಿಮೆ ಎಂದರೆ ಬಾತು ಬರಲಿಲ್ಲವೋ, ನೀರು ಹೆಚ್ಚಿದ್ದು ಅಂಚು ತೆರೆಯಲಿಲ್ಲವೋ ಎಂದು ಈಗ ಹೇಳಲಾರೆ. ಜಲಾಶಯವೂ ಮೊದಲಿನದಲ್ಲ, ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ ಈಗ ಸುಮಾರು 105ಕ್ಕೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಕೆಲವೇ ದಿನಗಳಲ್ಲಿ ಹತ್ತಾರು ಟಿಎಂಸಿ ನೀರು ನದಿಗೆ ಹೋಯಿತು. ಇಂಥ ವರ್ಷದ ಎಣಿಕೆಯನ್ನು ಮಟ್ಟ ಗೊತ್ತಿಲ್ಲದೆ ಬೇರೆ ವರ್ಷದ ಪಕ್ಕ ಇಡಲು ಬರುವುದಿಲ್ಲ. ಜಲಾಶಯದ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಊರ ಕೆರೆಗಾದರೆ ತೂಬಿನ ಕಲ್ಲಿನ ಮೇಲೆ ಗೇಣು ಲೆಕ್ಕದಲ್ಲಿ ಬಣ್ಣದ ಗೆರೆ ಹಾಕಿದರೆ ಸಾಕು.

ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಿಕ್ಷಕರಲ್ಲಿ ನನ್ನ ಬೇಡಿಕೆ ಒಂದೇ. ಬರುವ ಜನವರಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಹತ್ತು ಮಕ್ಕಳನ್ನು ಕರೆದುಕೊಂಡು ನಿಮ್ಮೂರ ಕೆರೆಯ ಇಳಿಜಾರಿನ ಕಡೆ ನಿಲ್ಲಿ. ದುರ್ಬೀನು ಇಲ್ಲದಿದ್ದರೂ ಪರವಾಗಿಲ್ಲ. ತಾರೀಖು, ನೀರಿನ ಗೆರೆ, ಕಂಡ ಹಕ್ಕಿ, ಎದ್ದ ಸೊಪ್ಪು ಬರೆದುಕೊಳ್ಳಿ, ಮರುವರ್ಷ ಅದೇ ಜಾಗದಲ್ಲಿ ಮತ್ತೆ ನಿಲ್ಲಿ.